ಬೇರುಹುಳುವಿನ ವೈರಿ

ತರೀಕೆರೆಯ ಬಳಿ, ಭದ್ರಾ ನಾಲೆಯ ಕೆಳಗಿರುವ ಒಂದು ಅಡಕೆ ತೋಟಕ್ಕೆ ಕಳೆದ ವರ್ಷ ಮಿತ್ರರೊಬ್ಬರೊಡನೆ ಹೋಗಿದ್ದೆ. ತೋಟದ ಯಜಮಾನರು ಏನನ್ನೂ ಹೇಳದೆ ಒಂದು ಮರಕ್ಕೆ ಕೈಯಾನಿಸಿ ಮೆಲ್ಲಗೆ ತಳ್ಳಿದರು. ಇಪ್ಪತ್ತು ವರ್ಷದ ಮರ ಸಡಿಲಗೊಂಡ ಹಲ್ಲಿನಂತೆ ಅಲುಗಿತು. ಗರಿಗಳು ಹಳದಿಗೆ ತಿರುಗಿದ್ದುವು. ಕಾಂಡದ ತುದಿ ಸಣಕಲಾಗಿತ್ತು. ಬುಡದ ಮಣ್ಣನ್ನು ಗುದ್ದಲಿಯಿಂದ ಬಗೆದಾಗ ಬೆರಳಿನಷ್ಟು ದಪ್ಪನಾದ, ಬಿಳಿಯ ಮೈಯ, ಕಂದು ತಲೆಯ ಹುಳುಗಳು ಮೈಮಡಿಸಿಕೊಂಡು ಮಲಗಿದ್ದುವು. ಇವೇ ಬೇರುಹುಳುಗಳು, ಗೊಣ್ಣೆಹುಳು ಎಂಬ ಹೆಸರೂ ಉಂಟು. ಇವು ಲ್ಯೂಕೋಫೋಲಿಸ್ ಎಂಬ ಕುಲಕ್ಕೆ ಸೇರಿದ ಜೀರುಂಡೆಗಳ ಮರಿಗಳು. ಅಡಕೆಯ ಸಸಿ ನೆಟ್ಟು ಫಸಲು ಕಾಣಬೇಕಾದರೆ ಐದಾರು ವರ್ಷ ಕಾಯಬೇಕು. ಆದುದರಿಂದ ಬೇರು ತಿಂದುಹೋದ ಮರ ಉರುಳಿದರೆ ನಷ್ಟವಾಗುವುದು ಒಂದು ವರ್ಷದ ಬೆಳೆ ಮಾತ್ರವಲ್ಲ.

ಗೊನೆಗೆ ಬರುವ ರೋಗವಾದರೆ ಸಿಂಪಡಿಸಿ ತಡೆಯಬಹುದು. ಅಡಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಹೊಡೆಯುವ ಕ್ರಮವನ್ನು ಮೈಸೂರು ಸಂಸ್ಥಾನದಲ್ಲಿ ಲೆಸ್ಲಿ ಕೋಲ್ಮನ್ ಅವರು ಕಳೆದ ಶತಮಾನದ ಆದಿಯಲ್ಲಿ ಬಳಕೆಗೆ ತಂದ ವಿಷಯ ಪ್ರಸಿದ್ಧವಾಗಿದೆ. ಬೇರುಹುಳುವಿನ ಮಾತು ಬೇರೆ. ಮಣ್ಣಿಗೆ ಸುರಿದ ವಿಷದಲ್ಲಿ ಬಹುಪಾಲು ಮೇಲ್ಪದರದ ಕಣಗಳಿಗೆ ಅಂಟಿಕೊಂಡು ಅಲ್ಲಿಯೇ ನಿಂತುಬಿಡುತ್ತದೆ; ಹುಳುವಾದರೋ ಅದಕ್ಕಿಂತ ಕೆಳಗಿರುತ್ತದೆ. ಸಾಯುವುದು ಮೇಲಿನ ಎರೆಹುಳು. ವಿಷಕ್ಕೆ ಕಾಲಿಲ್ಲ, ಇಲ್ಲಿ ಬೇಕಾದುದು ಶತ್ರುವನ್ನು ತಾನೇ ಅರಸಿಕೊಂಡು ಹೋಗುವ ಬೇಟೆಗಾರ.

ಅಂತಹ ಬೇಟೆಗಾರ ಮಣ್ಣಿನಲ್ಲಿಯೇ ಇದ್ದಾನೆ. 1929ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ರುಡಾಲ್ಫ್ ಗ್ಲೇಸರ್ ಎಂಬ ವಿಜ್ಞಾನಿ, ಜಪಾನಿ ಜೀರುಂಡೆಯ ಸತ್ತ ಮರಿಗಳೊಳಗೆ ದಾರದೆಳೆಯಂತಹ ಸೂಕ್ಷ್ಮ ಜಂತುಗಳು ತುಂಬಿರುವುದನ್ನು ಕಂಡರು. ಇವು ನೆಮಟೋಡುಗಳೆಂಬ ವರ್ಗದವು. ಈ ಬಗೆಯ ಬೇಟೆಗಾರರಲ್ಲಿ ನಮ್ಮ ದೇಶದ್ದೇ ಆದ ಒಂದು ಜಂತುವನ್ನು ಕೊಯಮತ್ತೂರಿನಲ್ಲಿ ಗುರುತಿಸಿ, 1992ರಲ್ಲಿ ಅದಕ್ಕೆ ಹೆಟಿರೋರ‍್ಹಾಬ್ಡೈಟಿಸ್ ಇಂಡಿಕಾ ಎಂಬ ಹೆಸರಿಟ್ಟರು. ನಾಲಗೆಗೆ ಒಗ್ಗದ ಹೆಸರು; ನಾವು ಜಂತು ಎಂದೇ ಕರೆಯೋಣ. ಬೆಂಗಳೂರಿನ ಹೆಬ್ಬಾಳದಲ್ಲಿರುವ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಸಂಸ್ಥೆಯವರು ಇದನ್ನು ನೀರಿನಲ್ಲಿ ಕದಡುವ ಪುಡಿಯ ರೂಪದಲ್ಲಿ ಸಿದ್ಧಪಡಿಸುವ ವಿಧಾನವನ್ನು ಕಂಡುಹಿಡಿದಿದ್ದಾರೆ.

ಜಂತುವಿನ ಉದ್ದ ಅರ್ಧ ಮಿಲಿಮೀಟರು; ದಪ್ಪ ಮಿಲಿಮೀಟರಿನ 50ರಲ್ಲಿ ಒಂದು ಪಾಲು, ಎಂದರೆ ತಲೆಗೂದಲಿಗಿಂತಲೂ ತೆಳು. ಬೇಟೆಗೆ ಹೊರಟ ಅವಸ್ಥೆಯಲ್ಲಿ ಅದು ಏನನ್ನೂ ತಿನ್ನುವುದಿಲ್ಲ. ಹುಳು ಉಸಿರಾಡಿ ಬಿಟ್ಟ ಅಂಗಾರಾಮ್ಲವಾಯು ಮಣ್ಣಿನಲ್ಲಿ ಹರಡುತ್ತದಷ್ಟೆ. ಅದು ದಟ್ಟವಾಗಿರುವ ಕಡೆಗೆ ಜಂತು ಸಾಗುತ್ತದೆ. ಬಾಯಿ, ಗುದ, ಉಸಿರುರಂಧ್ರಗಳ ಮೂಲಕ, ಇಲ್ಲವೇ ತೆಳುಚರ್ಮವನ್ನೇ ಸೀಳಿ ಒಳಹೊಕ್ಕು, ತನ್ನ ಕರುಳಿನಲ್ಲಿ ಹೊತ್ತು ತಂದ ಬ್ಯಾಕ್ಟೀರಿಯಾಗಳನ್ನು ಹುಳುವಿನ ರಕ್ತಕ್ಕೆ ಬಿಡುತ್ತದೆ. ಒಂದೆರಡು ದಿನಗಳಲ್ಲಿ ಹುಳು ಸಾಯುತ್ತದೆ. ಹೆಣ ಕೊಳೆಯುವುದಿಲ್ಲ, ಇಟ್ಟಿಗೆಯ ಬಣ್ಣಕ್ಕೆ ತಿರುಗುತ್ತದೆ. ಏಕೆಂದರೆ ಈ ಬ್ಯಾಕ್ಟೀರಿಯಾ ಇತರ ಸೂಕ್ಷ್ಮಜೀವಿಗಳನ್ನು ಹತ್ತಿರ ಸೇರಿಸದು. ಅಷ್ಟೇ ಅಲ್ಲ, ಅದು ಮಂದವಾಗಿ ಬೆಳಗುತ್ತದೆ ಕೂಡ. ಕಗ್ಗತ್ತಲೆಯಲ್ಲಿ ಹತ್ತು ನಿಮಿಷ ಕಣ್ಣನ್ನು ಪಳಗಿಸಿಕೊಂಡವರಿಗೆ ಆ ಬೆಳಕು ಕಂಡೀತು. ಎರಡು ವಾರಗಳಲ್ಲಿ ಒಂದು ಹೆಣದಿಂದ ಲಕ್ಷದ ಲೆಕ್ಕದಲ್ಲಿ ಹೊಸ ಜಂತುಗಳು ಹೊರಬರಬಲ್ಲುವು.

ಹೀಗಿದ್ದರೂ ಒಬ್ಬರ ತೋಟದಲ್ಲಿ ಫಲಿಸಿದ್ದು ಪಕ್ಕದವರಲ್ಲಿ ಫಲಿಸುವುದಿಲ್ಲವೇಕೆ? ಇಲ್ಲಿ ಭೌತವಿಜ್ಞಾನ ಬಾಯಿಹಾಕಬೇಕಾಗುತ್ತದೆ. ಜಂತುವಿಗೆ ಕಾಲಿಲ್ಲ, ರೆಕ್ಕೆಯಿಲ್ಲ. ಮಣ್ಣಿನ ಕಣಗಳನ್ನು ಸುತ್ತಿಕೊಂಡಿರುವ ನೀರಿನ ಪೊರೆಯೇ ಅದರ ರಸ್ತೆ. ಪೊರೆ ತೆಳುವಾಗಿದ್ದರೆ ನೀರಿನ ಮೇಲ್ಮೈ ಸೆಳೆತವು ಜಂತುವನ್ನು ಕಣಕ್ಕೆ ಒತ್ತಿ ಹಿಡಿಯುತ್ತದೆ. ಆ ಆನಿಕೆಯಿಂದಲೇ ಅದು ಹಾವಿನಂತೆ ಬಳುಕಿ ಮುಂದೆ ಹೋಗಬಲ್ಲುದು. ಮಣ್ಣು ಒಣಗಿ ಪೊರೆ ತೀರ ತೆಳುವಾಯಿತೆನ್ನಿ, ಅದೇ ಸೆಳೆತವು ಜಂತುವನ್ನು ಕಟ್ಟಿಹಾಕುತ್ತದೆ. ನೀರು ನಿಂತರೆ ಆನಿಕೆ ತಪ್ಪಿ, ಇದ್ದಲ್ಲಿಯೇ ಒದ್ದಾಡುತ್ತದೆ. ಮೇಲಾಗಿ ಆಮ್ಲಜನಕವು ಗಾಳಿಗಿಂತ ನೀರಿನಲ್ಲಿ ಸುಮಾರು 10,000 ಪಟ್ಟು ನಿಧಾನವಾಗಿ ಹರಡುವುದರಿಂದ ಉಸಿರೂ ಕಟ್ಟುತ್ತದೆ.

ನಮ್ಮ ಮೂರು ತಾಲ್ಲೂಕುಗಳನ್ನೇ ನೋಡಿ. ಕಡೂರಿನ ಕಡೆಯ ಮರಳುಮಿಶ್ರಿತ ಕೆಂಪುಮಣ್ಣಿನಲ್ಲಿ ರಂಧ್ರಗಳು ಅಗಲ, ಸಂಚಾರ ಸುಲಭ. ಆದರೆ ಮಳೆ ಕಡಿಮೆ, ಪೊರೆ ಬೇಗ ಆರುತ್ತದೆ. ಅಜ್ಜಂಪುರದ ಎರೆಮಣ್ಣು ತೇವವನ್ನು ಬಹುಕಾಲ ಹಿಡಿದಿಟ್ಟುಕೊಳ್ಳುತ್ತದೆ, ನಿಜ. ಅದರ ಬಹುಪಾಲು ರಂಧ್ರಗಳು ಜಂತುವಿನ ಮೈಗಿಂತ ಕಿರಿದು. ತರೀಕೆರೆಯ ನಾಲೆಯ ಬಯಲಿನಲ್ಲಿ ನೀರಿಗೆ ಕೊರತೆಯಿಲ್ಲ, ಬಸಿಗಾಲುವೆಗೆ ಉಂಟು. ಪುಡಿ ಒಂದೇ ಆದರೂ ಕಡೂರಿನವರು ಮೊದಲು ಬುಡವನ್ನು ನೆನೆಸಬೇಕು, ತರೀಕೆರೆಯವರು ಮೊದಲು ನೀರನ್ನು ಬಸಿಯಬೇಕು. ಪುಡಿಯ ಪೊಟ್ಟಣದ ಮೇಲೆ ಇದನ್ನು ಬರೆದಿರುವುದನ್ನು ನಾನು ಕಂಡಿಲ್ಲ.

ಕಾಲವೂ ಮುಖ್ಯ. ಮುಂಗಾರಿನ ಮೊದಲ ಮಳೆಗಳ ಬಳಿಕ ಮುಸ್ಸಂಜೆಯಲ್ಲಿ ಜೀರುಂಡೆಗಳು ಮಣ್ಣಿನಿಂದೆದ್ದು ಹಾರುತ್ತವೆ. ಆಗಲೇ ಅವನ್ನು ಹಿಡಿದು ಕೊಲ್ಲುವುದು ಹಳೆಯ ಉಪಾಯ, ಒಳ್ಳೆಯ ಉಪಾಯ. ಉಳಿದವು ಇಟ್ಟ ಮೊಟ್ಟೆಯೊಡೆದು ಹೊರಬಂದ ಎಳೆಯ ಹುಳುಗಳು ಮಳೆಗಾಲದಲ್ಲಿ ಮೇಲ್ಮಣ್ಣಿನಲ್ಲಿಯೇ ಇರುತ್ತವೆ. ಜಂತುವನ್ನು ಬಿಡತಕ್ಕ ಕಾಲ ಅದು. ಬಲಿತ ಹುಳು ಆಳಕ್ಕಿಳಿಯುತ್ತದೆ. ಅದರ ಉಸಿರುರಂಧ್ರಗಳಿಗೆ ಜರಡಿಯಂತಹ ಮುಚ್ಚಳವಿರುವುದರಿಂದ ಒಳಹೋಗುವುದೂ ಕಷ್ಟ. ಮರ ಅಲುಗುವುದನ್ನು ಕಂಡಮೇಲೆ ಪುಡಿ ತಂದವರಿಗೆ ನಿರಾಶೆಯಾಗುವುದು ಇದರಿಂದಲೇ.

ಅಡಕೆಮರಕ್ಕೆ ಮೆಣಸಿನ ಬಳ್ಳಿ ಹಬ್ಬಿಸಿದವರಿಗೆ ಇನ್ನೊಂದು ಅಂಜಿಕೆಯುಂಟು: ಬೇರಿನಲ್ಲಿ ಗಂಟು ಕಟ್ಟಿಸುವ ಜಂತುವೂ ನೆಮಟೋಡೇ ಅಲ್ಲವೆ? ಹೌದು, ಆದರೆ ಅದಕ್ಕೆ ಬೇರನ್ನು ಚುಚ್ಚುವ ಸೂಜಿಯಂತಹ ಬಾಯಿದೆ. ನಮ್ಮ ಬೇಟೆಗಾರನಿಗೆ ಅದಿಲ್ಲ, ಗಿಡದ ಗೊಡವೆಯೂ ಇಲ್ಲ.

ತೋಟದ ಯಜಮಾನರು ಅಂದು ತೋರಿಸಿದ ಪೊಟ್ಟಣದಿಂದ ಒಂದು ಚಿಟಿಕೆ ಪುಡಿಯನ್ನು ಕಾಲೇಜಿಗೆ ತಂದು, ನೀರಿನಲ್ಲಿ ಕದಡಿ, ಸೂಕ್ಷ್ಮದರ್ಶಕದಲ್ಲಿ ನೋಡಿದೆವು. ಜೀವವಿರುವ ಜಂತುಗಳು ಬಳುಕುತ್ತವೆ. ಇವು ಬೆಂಕಿಕಡ್ಡಿಗಳಂತೆ ನೆಟ್ಟಗೆ ಬಿದ್ದಿದ್ದುವು. ಬಿಸಿಲು ಬೀಳುವ ಅಂಗಡಿಯಲ್ಲಿ ಎಷ್ಟು ದಿನ ಕುಳಿತಿತ್ತೋ ತಿಳಿಯದು. ಮುಂದಿನ ಮಳೆಗಾಲಕ್ಕೆ ಅವರು ಹೊಸ ಪುಡಿ ತರಿಸಿ, ಮೊದಲು ನಮ್ಮಲ್ಲಿಗೆ ಕಳುಹಿಸಿದರು. ಈ ಸಲ ವಿದ್ಯಾರ್ಥಿಗಳು ಎಣಿಸಿದ ಜಂತುಗಳಲ್ಲಿ ಹೆಚ್ಚಿನವು ಬಳುಕುತ್ತಿದ್ದುವು. ಅದೇ ಸಂಜೆ, ಬಿಸಿಲು ಇಳಿದ ಮೇಲೆ, ಬಸಿಗಾಲುವೆ ತೋಡಿ ಮುಗಿದಿದ್ದ ಆ ತೋಟದ ಬುಡಗಳಿಗೆ ಅದನ್ನು ಹೊಯ್ದರು.