ನಲವತ್ತೆರಡು ಕಿಲೋಮೀಟರಿನ ಋಣ

ಕನ್ನಡ ಉಪನ್ಯಾಸಕನಿಗೂ ಓಟಕ್ಕೂ ಯಾವ ಜನ್ಮದ ನಂಟೆಂದು ಓದುಗರು ಕೇಳಬಹುದು. ಮೂವತ್ತೈದನೆಯ ವಯಸ್ಸಿನವರೆಗೆ ನಾನೂ ಹಾಗೆಯೇ ಕೇಳುತ್ತಿದ್ದೆ. ರಾಮನಗರದ ನಿಲ್ದಾಣಕ್ಕೆ ರೈಲುಗಾಡಿ ಬಂದು ನಿಂತ ಸದ್ದು ಕಿವಿಗೆ ಬಿದ್ದಾಗ ಮಾತ್ರ ಓಡುತ್ತಿದ್ದವನು ನಾನು; ಅದೂ ಎಷ್ಟೋ ಸಲ ಗಾಡಿಯ ಬೆನ್ನನ್ನಷ್ಟೇ ಕಂಡು ಹಿಂತಿರುಗಿದವನು. ಅಂಥ ನಾನು 2024ರ ಜನವರಿ 21ರಂದು ಮುಂಬಯಿಯ ಬೀದಿಗಳಲ್ಲಿ 42 ಕಿಲೋಮೀಟರು 195 ಮೀಟರು ದೂರವನ್ನು ಓಡಿ ಮುಗಿಸಿದೆನೆಂದರೆ, ಅದರಲ್ಲಿ ನನ್ನ ಕಾಲುಗಳ ಪಾಲು ಸ್ವಲ್ಪವೇ. ಉಳಿದ ಪಾಲೆಲ್ಲ ನಾನು ಮಾಡಿದ ಒಂದು ತಪ್ಪಿಗೆ ಸೇರತಕ್ಕದ್ದು.

ಆ ತಪ್ಪು ನಡೆದದ್ದು ತರಗತಿಯಲ್ಲಿ. ಬಿ.ಎ. ಕೊನೆಯ ವರ್ಷದ ವಿದ್ಯಾರ್ಥಿನಿಯೊಬ್ಬಳು ಮಂಗಳವಾರ ಮತ್ತು ಶುಕ್ರವಾರಗಳಂದು ತಪ್ಪದೆ ಗೈರುಹಾಜರಾಗುತ್ತಿದ್ದಳು. ಒಂದು ದಿನ ಎಲ್ಲರ ಎದುರಿನಲ್ಲಿ, "ವಾರಕ್ಕೆರಡು ಸಲ ನಿಮ್ಮ ಮನೆಯಲ್ಲಿ ಯಾವ ಹಬ್ಬವಮ್ಮ?" ಎಂದು ಕೇಳಿದೆ. ತರಗತಿ ನಕ್ಕಿತು. ನನ್ನ ಚಮತ್ಕಾರಕ್ಕೆ ನಾನೂ ಒಳಗೊಳಗೆ ಹಿಗ್ಗಿದೆ. ಹುಡುಗಿ ಎದ್ದು ನಿಂತು, "ಹಬ್ಬ ಇಲ್ಲ ಸಾರ್. ಅಪ್ಪನಿಗೆ ಡಯಾಲಿಸಿಸ್" ಎಂದಳು. ಅಂದು ಉಳಿದ ಅರ್ಧ ಗಂಟೆ ನಾನೇನು ಪಾಠ ಮಾಡಿದೆನೋ ನನಗೆ ನೆನಪಿಲ್ಲ.

ಆ ಸಂಜೆಯೇ ಅವರ ಮನೆಗೆ ಹೋದೆ. ತಂದೆ ರೇಷ್ಮೆನೂಲು ಬಿಚ್ಚುವ ಕೆಲಸದವರು. ಕುದಿಯುವ ನೀರಿನಲ್ಲಿ ಗೂಡುಗಳು ಕುಣಿಯುವ ತೊಟ್ಟಿಯ ಮುಂದೆ ಇಪ್ಪತ್ತು ವರ್ಷ ನಿಂತವರು. ಈಗ ಎರಡು ಮೂತ್ರಪಿಂಡಗಳೂ ಸೋತಿದ್ದುವು. ವಾರಕ್ಕೆರಡು ಸಲ, ಸಲಕ್ಕೆ ನಾಲ್ಕು ಗಂಟೆಯಂತೆ, ಯಂತ್ರವೊಂದು ಅವರ ನೆತ್ತರನ್ನು ತೊಳೆದುಕೊಡಬೇಕು. ಯಂತ್ರದ ಖರ್ಚನ್ನು ಆಸ್ಪತ್ರೆ ಭರಿಸಿದರೂ ಔಷಧ, ಚುಚ್ಚುಮದ್ದು, ಹೋಗಿಬರುವ ಖರ್ಚುಗಳು ಉಳಿಯುತ್ತವೆ. ಎರಡು ದಿನದ ಕೂಲಿಯೂ ಕೈತಪ್ಪುತ್ತದೆ. ಎಲ್ಲಕ್ಕಿಂತ ಕಠಿಣವಾದದ್ದು ನೀರಿನ ನಿಯಮ: ಮೂತ್ರಪಿಂಡ ಕೆಲಸ ಮಾಡದವನು ಕುಡಿದ ನೀರು ಒಡಲಲ್ಲಿಯೇ ನಿಂತು ಉಸಿರಿಗೆ ಸಂಚಕಾರ ತರುತ್ತದೆ. ಆದುದರಿಂದ ದಿನದ ನೀರನ್ನು ಅವರು ಲೋಟದಲ್ಲಿ ಅಳೆದು ಕುಡಿಯಬೇಕು.

ನಾನು ಕ್ಷಮೆ ಕೇಳಿದೆ. ಅವರು ನಕ್ಕು ಕಾಫಿ ಕೊಡಿಸಿದರು, ನನಗೆ ಮಾತ್ರ.

ಈ ಸಂಗತಿಯನ್ನು ಸಹೋದ್ಯೋಗಿಯೊಬ್ಬರಲ್ಲಿ ಹೇಳಿಕೊಂಡಾಗ ಅವರು ಮುಂಬಯಿಯ ಓಟದ ಮಾತೆತ್ತಿದರು. 2004ರಲ್ಲಿ ಪ್ರಾರಂಭವಾದ ಆ ಓಟ ಜನವರಿ ತಿಂಗಳಲ್ಲಿ ನಡೆಯುತ್ತದೆ. ಸೇವಾಸಂಸ್ಥೆಗಳಿಗೆ ಹಣ ಕೂಡಿಸುವ ದೊಡ್ಡ ಸಾಧನವಾಗಿಯೂ ಅದು ಬೆಳೆದಿದೆ. ಓಡುವವನು ಸಂಸ್ಥೆಯೊಂದನ್ನು ಆರಿಸಿಕೊಂಡು, "ನಾನು ಇಷ್ಟು ದೂರ ಓಡುತ್ತೇನೆ, ನೀವು ಇಷ್ಟು ಕೊಡಿ" ಎಂದು ಬಂಧುಮಿತ್ರರನ್ನು ಕೇಳುತ್ತಾನೆ. ಹಣ ಸಂಸ್ಥೆಗೆ ಸಲ್ಲುತ್ತದೆ. ಬಡ ಮೂತ್ರಪಿಂಡರೋಗಿಗಳಿಗೆ ನೆರವಾಗುವ ಸಂಸ್ಥೆಯೊಂದನ್ನು ನಾನು ಆರಿಸಿದೆ. ಆ ಬಳಿಕವೇ ಕನ್ನಡಿಯ ಮುಂದೆ ನಿಂತು ನನ್ನ ಹೊಟ್ಟೆಯನ್ನು ನೋಡಿಕೊಂಡದ್ದು.

ಈ ವಿಚಿತ್ರ ದೂರದ ಕಥೆಯೂ ಸ್ವಾರಸ್ಯವಾದದ್ದೇ. 1896ರಲ್ಲಿ ಅಥೆನ್ಸಿನ ಒಲಿಂಪಿಕ್ ಕ್ರೀಡೆಯಲ್ಲಿ ಮ್ಯಾರಥಾನ್ ಓಟ ಮೊದಲಾದಾಗ ಅದರ ದೂರ ಸುಮಾರು 40 ಕಿಲೋಮೀಟರು. 1908ರ ಲಂಡನ್ ಕ್ರೀಡೆಯಲ್ಲಿ ಅದು 26 ಮೈಲಿ 385 ಗಜವಾಯಿತು; 1921ರಲ್ಲಿ ಆ ಅಳತೆಯೇ ಸ್ಥಿರಪಟ್ಟಿತು. ನಡುವೆ 1920ರ ಆಂಟ್ವರ್ಪ್ ಕ್ರೀಡೆಯಲ್ಲಿ 42,750 ಮೀಟರುಗಳ ಓಟವನ್ನು 2 ಗಂಟೆ 50 ನಿಮಿಷಗಳಲ್ಲಿ ಮುಗಿಸಿ ಹತ್ತೊಂಬತ್ತನೆಯವರಾಗಿ ಬಂದವರು ನಮ್ಮ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ. ಇನ್ನೂ ಹಿಂದಕ್ಕೆ ಹೋದರೆ, ಮೈಸೂರು ಸೀಮೆಯಲ್ಲಿ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಆರಂಭವಾಗಿ 1889ರವರೆಗೆ ನಡೆದ ಅಂಚೆಯೂ ಓಡುವ ಕಾಲುಗಳನ್ನೇ ನಂಬಿತ್ತು. ಪರರ ಸುಖದುಃಖವನ್ನು ಹೊತ್ತು ಓಡುವುದು ಈ ನೆಲಕ್ಕೆ ಹೊಸದಲ್ಲವೆಂದು ನಾನು ಸಮಾಧಾನ ತಂದುಕೊಂಡೆ.

ಅಭ್ಯಾಸಕ್ಕೆ ಆರು ತಿಂಗಳು ಬೇಕಾಯಿತು. ಮೊದಲ ದಿನ ಅರ್ಕಾವತಿಯ ಸೇತುವೆ ದಾಟುವಷ್ಟರಲ್ಲಿ ಏದುಸಿರು ಬಂದಿತು. ನಿಧಾನವಾಗಿ ದೂರವನ್ನು ಹೆಚ್ಚಿಸುತ್ತ ಹೋದೆ. ಭಾನುವಾರಗಳಂದು ಚನ್ನಪಟ್ಟಣದ ದಾರಿ. ಹೊಸ ಹೆದ್ದಾರಿ ಊರುಗಳ ಹೊರಗೆ ಹಾದುಹೋದ ಮೇಲೆ ಹಳೆಯ ಮೈಸೂರು ರಸ್ತೆಯಲ್ಲಿ ವಾಹನಗಳ ಆರ್ಭಟ ತಗ್ಗಿದೆ. ಓಡುವವನಿಗೆ ಅದು ವರ. ಆದರೆ ದಾರಿಬದಿಯ ಬೊಂಬೆ ಅಂಗಡಿಯವರಿಗೆ ಗಿರಾಕಿಗಳೇ ತಪ್ಪಿದರು. ಒಬ್ಬನ ಅನುಕೂಲ ಇನ್ನೊಬ್ಬನ ನಷ್ಟದ ಮೇಲೆ ಹೇಗೆ ನಿಂತಿರುತ್ತದೆಂಬುದನ್ನು ಕೆಂಗಲ್ ಆಂಜನೇಯನ ಗುಡಿಯ ಮುಂದೆ ದಣಿವಾರಿಸಿಕೊಳ್ಳುತ್ತ ಎಷ್ಟೋ ಸಲ ಯೋಚಿಸಿದ್ದೇನೆ. ಏರಿಳಿತದ ಅಭ್ಯಾಸಕ್ಕೆ ಮಾಗಡಿಯ ದಿಕ್ಕಿನ ರಸ್ತೆ. ಅಲ್ಲಿ ಸಾವನದುರ್ಗದ ಹೆಬ್ಬಂಡೆ ಎಷ್ಟು ಓಡಿದರೂ ಹತ್ತಿರ ಬಾರದೆ ಪರಿಹಾಸ್ಯ ಮಾಡುತ್ತಿತ್ತು. ದೀರ್ಘ ಓಟಕ್ಕೆ ಕನಕಪುರದ ದಾರಿ. ಎರಡು ಬದಿಯಲ್ಲೂ ಹಿಪ್ಪುನೇರಳೆ, ಮಾವು. ಆ ವರ್ಷ ಮಳೆ ಕೈಕೊಟ್ಟಿದ್ದರಿಂದ ರಾಗಿಯ ಹೊಲಗಳು ಬಾಡಿದ್ದುವು. ಹೊಲದಲ್ಲಿದ್ದ ಅಜ್ಜನೊಬ್ಬ ನನ್ನನ್ನು ತಡೆದು, "ಯಾಕಪ್ಪ, ಯಾರಾದ್ರೂ ಅಟ್ಟುಸ್ಕಂಡ್ ಬತ್ತಾವ್ರಾ?" ಎಂದು ಕಳವಳದಿಂದ ಕೇಳಿದ.

ಹಣದ ಸಂಗ್ರಹ ಓಟಕ್ಕಿಂತ ಕಷ್ಟವೆಂದು ತಿಳಿದಿದ್ದೆ. ಚನ್ನಪಟ್ಟಣದ ಕುಶಲಕರ್ಮಿಯೊಬ್ಬರು ಹಾಲೆಮರವನ್ನು ಕಡೆದು, ಅರಗಿನ ಹಳದಿ ಕೆಂಪು ಬಣ್ಣ ತೀಡಿ, ಸಣ್ಣ ಹುಂಡಿಯೊಂದನ್ನು ಮಾಡಿಕೊಟ್ಟರು. ಬೆಲೆ ಕೇಳಿದರೆ, "ಅದೇ ನನ್ನ ಚಂದಾ" ಎಂದರು. ಕಾಲೇಜಿನ ಕ್ಯಾಂಟೀನಿನಲ್ಲಿ ಅದನ್ನಿಟ್ಟೆ. ಹತ್ತು, ಇಪ್ಪತ್ತರ ನೋಟುಗಳು ಬಿದ್ದುವು. ಗೂಡಿನ ಮಾರುಕಟ್ಟೆಯ ರೀಲರುಗಳು ತಮ್ಮಲ್ಲೇ ಕೂಡಿಸಿ ಕೊಟ್ಟರು. ಅಂತೂ ಅರುವತ್ತು ಸಾವಿರ ರೂಪಾಯಿ ದಾಟಿತು. ಹೊರಡುವ ಹಿಂದಿನ ದಿನ ಹುಡುಗಿಯ ತಂದೆಯನ್ನು ಕಂಡೆ. "ದಾರಿ ಉದ್ದಕ್ಕೂ ನೀರು ಕೊಡ್ತಾರಂತಲ್ಲ, ನಿಜವಾ? ನನ್ ಪಾಲಿಂದೂ ನೀವೇ ಕುಡುದ್ಬುಡಿ ಮೇಷ್ಟ್ರೇ" ಎಂದರು.

ಮುಂಬಯಿಯ ಶಿವಾಜಿ ಟರ್ಮಿನಸ್ಸಿನ ಎದುರು, ಇನ್ನೂ ಕತ್ತಲಿರುವಾಗಲೇ, ಸಾವಿರಾರು ಜನರ ನಡುವೆ ನಿಂತೆ. ರಾಮನಗರದ ಚಳಿಯಲ್ಲಿ ಪಳಗಿದ ಮೈಗೆ ಕಡಲತಡಿಯ ಜಿಗುಟು ಗಾಳಿ ಹೊಸದು. ಮೆರೀನ್ ಡ್ರೈವ್ ಸುಖವಾಗಿ ಕಳೆಯಿತು. ಬಾಂದ್ರಾ-ವರಳಿ ಸಮುದ್ರ ಸೇತುವೆಯ ಮೇಲೆ ಓಡುವಾಗ ನಾನು ನಿಜಕ್ಕೂ ಓಟಗಾರನೆಂಬ ಭ್ರಮೆಯೂ ಹುಟ್ಟಿತು. ಅದು ಬಹಳ ಹೊತ್ತು ಬಾಳಲಿಲ್ಲ. ಯಕೃತ್ತಿನಲ್ಲಿಯೂ ಸ್ನಾಯುಗಳಲ್ಲಿಯೂ ಕೂಡಿಟ್ಟ ಸಕ್ಕರೆಯ ಅಂಶ 30 ಕಿಲೋಮೀಟರಿನ ಸುಮಾರಿಗೆ ಬರಿದಾಗುತ್ತದೆಂದು ಓದಿದ್ದೆ, ಈಗ ಅನುಭವವೇದ್ಯವಾಯಿತು. ತೊಡೆಗಳು ಕಲ್ಲಾದುವು. 35 ದಾಟಿದ ಮೇಲೆ ಪೆಡ್ಡರ್ ರಸ್ತೆಯ ಏರು ಎದುರಾಯಿತು. ಮಾಗಡಿಯ ಏರುಗಳ ಮುಂದೆ ಅದು ಏನೂ ಅಲ್ಲ. ಆದರೆ ಅಂದು ನನಗೆ ಸಾವನದುರ್ಗವೇ ಆಯಿತು. ನಿಂತೇಬಿಟ್ಟೆ.

ರಸ್ತೆಯ ಅಂಚಿನಲ್ಲಿ ಮುದುಕಿಯೊಬ್ಬರು ಮೊಮ್ಮಗಳೊಡನೆ ನೀರಿನ ಲೋಟಗಳನ್ನು ಹಿಡಿದು ನಿಂತಿದ್ದರು. ಒಂದು ಲೋಟ ಕುಡಿದೆ. ಆ ಮಾತು ನೆನಪಾಯಿತು. ಇನ್ನೊಂದು ಲೋಟ ತೆಗೆದುಕೊಂಡು, ಒಂದೊಂದೇ ಗುಟುಕಾಗಿ, ತುದಿಯವರೆಗೆ ಕುಡಿದೆ. ಬಾಯಾರಿದಾಗ ಅಳತೆಯಿಲ್ಲದೆ ನೀರು ಕುಡಿಯಬಲ್ಲವನ ಭಾಗ್ಯವೆಂಥದೆಂದು ಅಲ್ಲಿಯವರೆಗೆ ನಾನು ಎಣಿಸಿಯೇ ಇರಲಿಲ್ಲ. ಮತ್ತೆ ಹೆಜ್ಜೆ ಕಿತ್ತೆ. ಸ್ವಲ್ಪ ಓಡಿ, ಸ್ವಲ್ಪ ನಡೆದು, 5 ಗಂಟೆ 38 ನಿಮಿಷಕ್ಕೆ ಗುರಿಯ ಗೆರೆ ದಾಟಿದೆ. ಗೆದ್ದವರು ನನ್ನ ಅರ್ಧಕ್ಕಿಂತಲೂ ಕಡಮೆ ಸಮಯದಲ್ಲಿ ಮುಗಿಸಿದ್ದರು.

ಮಂಗಳವಾರ ಊರಿಗೆ ಬಂದಿಳಿದವನು, ಕುಂಟುತ್ತ ನೇರವಾಗಿ ಡಯಾಲಿಸಿಸ್ ಕೊಠಡಿಗೆ ಹೋದೆ. ತಂದೆ ಯಂತ್ರದ ಪಕ್ಕದಲ್ಲಿ ಮಲಗಿದ್ದರು. ಮಗಳು ಬಾಗಿಲ ಬಳಿ ಕುಳಿತು ನನ್ನ ಪಠ್ಯವನ್ನೇ ಓದುತ್ತಿದ್ದಳು. ಪದಕವನ್ನು ಅವರ ಕೈಗಿಟ್ಟೆ. ತೂಗಿ ನೋಡಿ, "ಎಷ್ಟು ಹೊತ್ತು ಓಡುದ್ರಿ?" ಎಂದರು. ಹೇಳಿದೆ. "ನನ್ಗಿಂತ ಒಂದೂವರೆ ಗಂಟೆ ಜಾಸ್ತಿ" ಎಂದು ಮೆಚ್ಚಿಕೊಂಡರು. ನಾನು ತಲೆ ತಗ್ಗಿಸಿದೆ. ನನ್ನದು ಒಂದು ಭಾನುವಾರದ ಓಟ. ಅವರು ಶುಕ್ರವಾರ ಮತ್ತೆ ಬರಬೇಕು. ಅದರ ಮುಂದಿನ ಮಂಗಳವಾರವೂ ಬರಬೇಕು. ಆ ದಾರಿಗೆ ಯಾರೂ ಗುರಿಯ ಗೆರೆ ಎಳೆದಿಲ್ಲ.

ಕ್ಯಾಂಟೀನಿನ ಹುಂಡಿ ಇನ್ನೂ ಅಲ್ಲಿಯೇ ಇದೆ. ಹಾಜರಿ ಕರೆಯುವಾಗ ಉತ್ತರ ಬಾರದ ಹೆಸರಿನ ಮುಂದೆ ಈಗ ನಾನು ಅವಸರದಿಂದ ಗೆರೆ ಎಳೆಯುವುದಿಲ್ಲ; ತರಗತಿ ಮುಗಿದ ಮೇಲೆ, ಮೆಲ್ಲಗೆ, ಯಾಕೆಂದು ಕೇಳುತ್ತೇನೆ.