ಓತಿಕ್ಯಾತದ ಆಹಾರ

ಹಾನಗಲ್ಲ, ಶಿಗ್ಗಾಂವಿ, ಸವಣೂರ, ಹಿರೇಕೆರೂರ ಸೀಮೆಗಳ ಬೇಲಿಗಳಲ್ಲಿ ಓತಿಕ್ಯಾತವನ್ನು ಕಾಣದ ಬಾಲಕಿಯಿಲ್ಲ. ಕೆಲವರು ಅದನ್ನು ಹಿಡಿದು ಡಬ್ಬಿಯಲ್ಲಿಟ್ಟು, ಪ್ರೀತಿಯಿಂದಲೇ ಅನ್ನದ ಅಗುಳನ್ನೂ ರೊಟ್ಟಿಯ ಚೂರನ್ನೂ ಹಾಕುವರು. ಆದರೆ ಅದು ಚಲಿಸುವ ಹುಳುಗಳನ್ನು ಬೇಟೆಯಾಡತಕ್ಕ ಪ್ರಾಣಿ. ಅನ್ನದ ಮುಂದೆಯೇ ಹಸಿದು ಸಾಯುವದು.

ಮಿಡತೆ, ಜೀರುಂಡೆ, ನೊಣ, ಇರುವೆ ಇವೇ ಅದರ ಊಟ. ಒಂದೇ ಬಗೆಯ ಹುಳುವಿನಿಂದ ಪೋಷಣೆ ಸಾಲದು. ಹುಳುಗಳಲ್ಲಿ ಸುಣ್ಣದ ಅಂಶ ಕಡಿಮೆ. ಬಿಸಿಲೂ ದೊರೆಯದಿದ್ದರೆ ಎಲುಬುಗಳು ಮೆತ್ತಗಾಗುವವು. ಎಕ್ಕೆಯ ಗಿಡದ ಬಣ್ಣದ ಮಿಡತೆ ವಿಷಯುಕ್ತವಾದದ್ದು. ಔಷಧ ಸಿಂಪಡಿಸಿದ ಹತ್ತಿಹೊಲದ ಹುಳುವೂ ಅಪಾಯಕರವೇ.

ಅಮೇರಿಕದ ಟೆಕ್ಸಸ್ ಸಂಸ್ಥಾನದಲ್ಲಿ ಕೊಂಬುಳ್ಳ ಓತಿಯೊಂದುಂಟು. ಬೀಜ ಕೂಡಿಡುವ ಕೆಂಪಿರುವೆಯೇ ಅದರ ಮುಖ್ಯ ಆಹಾರ. ಸಾಕುವ ಆಸೆಯಿಂದ ಅನೇಕರು ಅದನ್ನು ದೂರದೂರಿಗೆ ಒಯ್ದರು. ಆ ಇರುವೆ ಸಿಕ್ಕದೆ ಅವು ಹೆಚ್ಚುಕಾಲ ಬಾಳಲಿಲ್ಲ. 1967ರಲ್ಲಿ ಆ ಸಂಸ್ಥಾನವು ಅದಕ್ಕೆ ಕಾನೂನಿನ ರಕ್ಷಣೆಯನ್ನು ಕೊಟ್ಟಿತು.

ಆದಕಾರಣ ತಾಯಂದಿರೇ, ಮಗಳು ಓತಿಯನ್ನು ತಂದರೆ ಗದರಿಸಬೇಡಿರಿ. ಹಿಡಿದ ಬೇಲಿಗೇ ಅಂದೇ ಬಿಡಿಸಿರಿ. ಬೇಸಿಗೆಯಲ್ಲಿ ಅಲ್ಲಿಯ ಎಲೆಗಳಿಗೆ ನೀರು ಚಿಮುಕಿಸಲಿ, ದೂರದಿಂದ ನೋಡಿ ಕಲಿಯಲಿ. ಸೃಷ್ಟಿಕರ್ತನು ಅದಕ್ಕೆ ಎಡೆಯಿಟ್ಟ ಸ್ಥಳವು ಬೇಲಿಯೇ ಹೊರತು ಡಬ್ಬಿಯಲ್ಲ.