ಆಜ್ಞೆಯ ಪದಚ್ಛೇದ

ಹಳಗನ್ನಡ ಪದ್ಯದ ಅರ್ಥವನ್ನು ತಿಳಿಯಬೇಕಾದರೆ ಮೊದಲು ಅದರ ಪದಗಳನ್ನು ಬಿಡಿಸಿಕೊಳ್ಳಬೇಕಷ್ಟೆ. ಬಿಡಿಸುವುದರಲ್ಲಿ ತಪ್ಪಿದರೆ ಅರ್ಥವು ಅನರ್ಥವಾಗುತ್ತದೆ. ಗಣಕಯಂತ್ರವೂ ಇಂಥದೇ ಪದಚ್ಛೇದವನ್ನು ಮಾಡಬೇಕಾಗುತ್ತದೆ. ಕೀಲಿಮಣೆಯಿಂದ ನಾವು ಬರೆಯುವ ಒಂದು ಸಾಲಿನ ಆಜ್ಞೆಯಲ್ಲಿ ಸಾಮಾನ್ಯವಾಗಿ ಮೂರು ಬಗೆಯ ಪದಗಳಿರುತ್ತವೆ. ಆಗಬೇಕಾದ ಕೆಲಸವನ್ನು ಹೇಳುವ ಪ್ರೋಗ್ರಾಮಿನ ಹೆಸರು ಕ್ರಿಯಾಪದದಂತೆ. ಕೆಲಸಕ್ಕೆ ಒಳಗಾಗುವ ಕಡತದ ಹೆಸರು ಕರ್ಮಪದದಂತೆ. ಕೆಲಸವು ಹೇಗೆ ಆಗಬೇಕೆಂದು ಸೂಚಿಸುವ ‘ಆಯ್ಕೆ’ ಕ್ರಿಯಾವಿಶೇಷಣದಂತೆ. ಇವುಗಳಲ್ಲಿ ಕಡತ ಯಾವುದು, ಆಯ್ಕೆ ಯಾವುದು ಎಂಬುದನ್ನು ಯಂತ್ರವು ಹೇಗೆ ಬಲ್ಲದು?

೧೯೬೯ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚಿ ಇವರು ಆರಂಭಿಸಿದ ಯೂನಿಕ್ಸ್ ವ್ಯವಸ್ಥೆಯಲ್ಲಿ ಆಯ್ಕೆಯ ಗುರುತು ‘-’ ಎಂಬ ಅಡ್ಡಗೆರೆ. ಕಡತಗಳ ಪಟ್ಟಿಯನ್ನು ಕೊಡುವ ‘ಎಲ್‌ಎಸ್’ ಆಜ್ಞೆಯ ಮುಂದೆ ‘-ಎಲ್’ ಎಂದರೆ ಪಟ್ಟಿಯು ವಿವರವಾಗಿ ಬರುತ್ತದೆ. ‘-ಎ’ ಎಂದರೆ ಮರೆಯಲ್ಲಿರುವ ಕಡತಗಳೂ ಸೇರುತ್ತವೆ. ಎರಡನ್ನೂ ಕೂಡಿಸಿ ‘-ಎಲ್‌ಎ’ ಎಂದು ಸಮಾಸವನ್ನೂ ಮಾಡಬಹುದು. ಇಲ್ಲಿ ಅಕ್ಷರದ ಗಾತ್ರಕ್ಕೂ ಬೆಲೆಯುಂಟು. ಚಿಕ್ಕ ‘ಆರ್’ ಪಟ್ಟಿಯನ್ನು ತಲೆಕೆಳಗು ಮಾಡಿದರೆ, ದೊಡ್ಡ ‘ಆರ್’ ಒಳಕೋಶಗಳನ್ನೆಲ್ಲ ಹೊಕ್ಕು ತೋರಿಸುತ್ತದೆ. ಮುಂದೆ ಗ್ನೂ ಯೋಜನೆಯವರು ಪೂರ್ಣಪದಗಳ ಆಯ್ಕೆಗಳನ್ನು ರೂಢಿಗೆ ತಂದರು. ‘-ಹೆಲ್ಪ್’ ಎಂದು ಬರೆದರೆ ಅದನ್ನು ನಾಲ್ಕು ಬಿಡಿ ಅಕ್ಷರಗಳ ಸಮಾಸವೆಂದು ಓದುವ ಅಪಾಯವಿರುವುದರಿಂದ, ‘--ಹೆಲ್ಪ್’ ಎಂದು ಎರಡು ಗೆರೆಗಳನ್ನು ಇಡಬೇಕಾಯಿತು.

೧೯೮೧ರಲ್ಲಿ ಬಂದ ಎಂ. ಎಸ್. ಡಾಸ್ ಬೇರೆ ಹಾದಿಯನ್ನು ಹಿಡಿಯಿತು. ಅದರಲ್ಲಿ ಆಯ್ಕೆಯ ಗುರುತು ‘/’ ಎಂಬ ಓರೆಗೆರೆ. ೧೯೮೩ರ ಎರಡನೆಯ ಆವೃತ್ತಿಯಲ್ಲಿ ಕೋಶದೊಳಗೆ ಕೋಶವನ್ನಿಡುವ ಸೌಕರ್ಯ ಬಂದಾಗ ತೊಡಕು ಕಾಣಿಸಿತು. ಕೋಶಗಳ ಹೆಸರನ್ನು ಬೇರ್ಪಡಿಸಲು ಯೂನಿಕ್ಸ್ ಬಳಸುವುದು ಅದೇ ಓರೆಗೆರೆಯನ್ನು. ಡಾಸ್‌ನಲ್ಲಿಯೋ ಆ ಸ್ಥಾನ ಆಗಲೇ ಭರ್ತಿಯಾಗಿತ್ತು. ಆದಕಾರಣ ‘\’ ಎಂಬ ಹಿಮ್ಮುಖದ ಗೆರೆಯನ್ನು ಆರಿಸಿಕೊಂಡರು. ವಿಂಡೋಸ್ ವ್ಯವಸ್ಥೆಗೆ ಬಂದಿರುವ ಪಿತ್ರಾರ್ಜಿತ ಇದು.

ಇದಕ್ಕಿಂತ ಆಳವಾದ ಭೇದವೊಂದುಂಟು. ಪದಗಳನ್ನು ಬಿಡಿಸುವವರು ಯಾರು? ಯೂನಿಕ್ಸಿನಲ್ಲಿ ‘ಷೆಲ್’ ಎಂಬ ಮಧ್ಯವರ್ತಿಯು ಸಾಲನ್ನು ತುಂಡರಿಸಿ, ‘*’ ಚಿಹ್ನೆಯಿದ್ದಲ್ಲಿ ಕಡತಗಳ ಹೆಸರುಗಳನ್ನೆಲ್ಲ ತುಂಬಿ, ಸಿದ್ಧವಾದ ಪಟ್ಟಿಯನ್ನು ಪ್ರೋಗ್ರಾಮಿಗೆ ಒಪ್ಪಿಸುತ್ತದೆ. ವಿಂಡೋಸ್‌ನಲ್ಲಿ ಪ್ರೋಗ್ರಾಮಿಗೆ ಸಿಗುವುದು ಇಡೀ ಸಾಲು. ಬಿಡಿಸುವ ಹೊಣೆ ಪ್ರೋಗ್ರಾಮಿನದು, ಇಲ್ಲವೆ ಅದು ನೆಚ್ಚಿರುವ ಭಾಷಾಭಂಡಾರದ್ದು. ಆದ್ದರಿಂದ ಉದ್ಧರಣಚಿಹ್ನೆಗಳುಳ್ಳ ಒಂದೇ ಸಾಲನ್ನು ಎರಡು ಪ್ರೋಗ್ರಾಮುಗಳು ಎರಡು ಬಗೆಯಾಗಿ ಓದುವುದು ಸಾಧ್ಯ.

ಯೂನಿಕ್ಸಿನ ಅನುಕೂಲದಲ್ಲಿಯೂ ಅಪಾಯವಡಗಿದೆ. ಕೋಶವೊಂದರಲ್ಲಿ ‘-ಆರ್‌ಎಫ್’ ಎಂಬ ಹೆಸರಿನ ಕಡತವಿದೆಯೆನ್ನೋಣ. ಕಡತಗಳನ್ನು ಅಳಿಸುವ ‘ಆರ್‌ಎಂ’ ಆಜ್ಞೆಯನ್ನು ‘*’ ಚಿಹ್ನೆಯೊಡನೆ ಕೊಟ್ಟರೆ, ಷೆಲ್ ಈ ಹೆಸರನ್ನೂ ಪಟ್ಟಿಯಲ್ಲಿ ಸೇರಿಸುತ್ತದೆ. ಅದು ನಾವು ಬರೆದ ಆಯ್ಕೆಯೋ, ಕಡತದ ಹೆಸರೋ ಎಂದು ತಿಳಿಯಲು ಪ್ರೋಗ್ರಾಮಿಗೆ ಉಪಾಯವಿಲ್ಲ. ಆಯ್ಕೆಯೆಂದು ಓದಿದರೆ, ಸಾಮಾನ್ಯವಾಗಿ ಮುಟ್ಟದೆ ಬಿಡುವ ಒಳಕೋಶಗಳನ್ನೂ ಮಾತಿಲ್ಲದೆ ಅಳಿಸಿಬಿಡುತ್ತದೆ; ಆ ಕಡತವು ಮಾತ್ರ ಉಳಿದುಕೊಳ್ಳುತ್ತದೆ! ಇದಕ್ಕೆ ಪರಿಹಾರವಾಗಿ, ಬರಿಯ ‘--’ ಬಂದೊಡನೆ ಆಯ್ಕೆಗಳು ಮುಗಿದುವೆಂದು ತಿಳಿಯಬೇಕೆಂಬ ನಿಯಮವನ್ನು ಪೋಸಿಕ್ಸ್ ಮಾನಕದಲ್ಲಿ ಸೇರಿಸಿದ್ದಾರೆ. ‘./*’ ಎಂದು ಬರೆದರೂ ಆದೀತು. ಆಗ ಯಾವ ಹೆಸರೂ ಅಡ್ಡಗೆರೆಯಿಂದ ಮೊದಲಾಗುವುದಿಲ್ಲ.

ಏನನ್ನೂ ಅಳಿಸದೆ ಇದನ್ನು ಪರೀಕ್ಷಿಸಬಹುದು. ಲಿನಕ್ಸ್ ಯಂತ್ರದ ಹೊಸ ಕೋಶವೊಂದರಲ್ಲಿ ಎರಡು ಸಾಮಾನ್ಯ ಕಡತಗಳನ್ನೂ, ‘ಟಚ್’ ಆಜ್ಞೆಗೆ ‘./-ಎಲ್’ ಎಂದು ಕೊಟ್ಟು ಮೂರನೆಯದೊಂದನ್ನೂ ನಿರ್ಮಿಸಿರಿ. ‘ಎಲ್’ ಚಿಕ್ಕ ಇಂಗ್ಲಿಷ್ ಅಕ್ಷರವಾಗಿರಲಿ. ಬಳಿಕ ‘ಎಲ್‌ಎಸ್ *’ ಎಂದು ಬರೆಯಿರಿ. ಕೇಳದಿದ್ದರೂ ಪಟ್ಟಿಯು ವಿವರವಾಗಿ ಬರುತ್ತದೆ. ಅದರಲ್ಲಿ ಎರಡೇ ಕಡತಗಳಿರುತ್ತವೆ. ಮೂರನೆಯದು ಏನಾಯಿತೆಂಬುದನ್ನು ಇನ್ನು ನಾವು ಹೇಳಬೇಕಾಗಿಲ್ಲ.